ತಳವಿಲ್ಲದ ಬುಟ್ಟಿ

ಅರಸೀಕೆರೆ
೧೮-೭-೧೯೬೦

ಪೂಜ್ಯ ಅಪ್ಪನಿಗೆ,

ವೇದವಲ್ಲಿ ಇಲ್ಲಿಂದಲೇ ಬೇಲೂರಿನ ಕಡೆಗೆ ತಿರುಗಿ ನಮಸ್ಕಾರ ಮಾಡಿದ್ದಾಳೆ, ಒಪ್ಪಿಸಿಕೊಳ್ಳಿ. ಕಮಲತ್ತೆ ಚೆನ್ನಾಗಿದ್ದಾರೆ. ನಿಮ್ಮ ತಂಗಿ ಮಾಡುವ ಸಾರಿನಲ್ಲಿ ಇನ್ನೂ ಹುಳಿ ಹೆಚ್ಚು.

ಕಾಲೇಜಿನ ಎರಡನೆಯ ವರ್ಷ ಶುರುವಾಯಿತು. ನೂರ ನಲವತ್ತು ಹುಡುಗರು, ನಾವು ಹನ್ನೊಂದು ಜನ ಹುಡುಗಿಯರು. ಈ ವರ್ಷದಿಂದ ನಮಗೂ ಸಾಯಂಕಾಲ ಒಂದು ಗಂಟೆ ವ್ಯಾಯಾಮ ಕಡ್ಡಾಯ ಮಾಡಿದ್ದಾರೆ. ಬ್ಯಾಸ್ಕೆಟ್‌ಬಾಲ್ ಎಂಬ ಆಟ. ಒಂದೊಂದು ಕಡೆಗೆ ಐವರಂತೆ ಎರಡು ಕಡೆ. ಹತ್ತು ಅಡಿ ಎತ್ತರದಲ್ಲಿ ಹದಿನೆಂಟು ಇಂಚು ಅಗಲದ ಕಬ್ಬಿಣದ ಬಳೆ ಇರುತ್ತದೆ. ಅದಕ್ಕೆ ತಳವಿಲ್ಲದ ಬುಟ್ಟಿಯಂತೆ ಬಲೆ ಕಟ್ಟಿರುತ್ತಾರೆ. ಚೆಂಡನ್ನು ನೆಲಕ್ಕೆ ಪುಟಿಸುತ್ತ ಹೋಗಿ ಅದರೊಳಗೆ ಎಸೆಯಬೇಕು.

ಕಷ್ಟವೆಂದರೆ ಎಡಗೈ. ಎರಡು ಕೈಯಲ್ಲೂ ಪುಟಿಸಲು ಬರಬೇಕಂತೆ. ನಮ್ಮ ದೈಹಿಕ ಶಿಕ್ಷಕರು ಇಂದುಧರ ಮೇಷ್ಟ್ರು ನಿನ್ನೆ, "ಏನಮ್ಮಾ, ಬಲಗೈ ಒಂದನ್ನೇ ಕಾಲೇಜಿಗೆ ಸೇರಿಸಿದ್ದೀಯಾ? ಎಡಗೈ ಇನ್ನೂ ಬೇಲೂರಲ್ಲೇ ಐತಾ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಡ್ಡಾಯವಾದ್ದರಿಂದ ಬರೆದೆ. ಅಮ್ಮನಿಗೆ ನಮಸ್ಕಾರ.

ನಿಮ್ಮ ಮಗಳು,
ವೇದವಲ್ಲಿ

*

ಬೇಲೂರು
೨೯-೭-೧೯೬೦

ಚಿ. ವೇದವಲ್ಲಿಗೆ ಅಪ್ಪನ ಆಶೀರ್ವಾದ.

ಕಾಗದ ಬಂತು. ನಿನ್ನ ಅಮ್ಮನಿಗೆ ಎರಡು ಸಲ ಓದಿ ಹೇಳಿದೆ. ಸಾರಿನ ಸಮಾಚಾರ ಅವಳಿಗೆ ಬಹಳ ಸಂತೋಷ ಕೊಟ್ಟಿತು.

ಇಪ್ಪತ್ತಾರು ವರ್ಷದಿಂದ ಹೊಳೆಯಿಂದ ಗುಡಿಗೆ ದಿನಕ್ಕೆ ಹನ್ನೆರಡು ಬಿಂದಿಗೆ ನೀರು ಹೊರುತ್ತಿದ್ದೇನೆ. ಬಿಂದಿಗೆ ತೂತಾದರೆ ಕಂಚುಗಾರನಿಗೆ ಕೊಟ್ಟು ಬೆಸುಗೆ ಹಾಕಿಸುವುದು ನಮ್ಮ ಪದ್ಧತಿ. ನಿಮ್ಮ ಕಾಲೇಜಿನಲ್ಲಿ ಬೇಕೆಂದೇ ತಳ ತೆಗೆದು, ಅದನ್ನು ಹತ್ತು ಅಡಿ ಎತ್ತರಕ್ಕೆ ಕಟ್ಟಿ, ಅದರೊಳಗೆ ಹಾಕಿದ್ದು ಕೆಳಗೆ ಬಿದ್ದರೆ ಚಪ್ಪಾಳೆ ತಟ್ಟುತ್ತೀರಿ. ವಿದ್ಯೆ ಬಹಳ ಮುಂದುವರಿದಿದೆ.

ಎಡಗೈಯಲ್ಲಿ ಏನೇನು ಮಾಡಬಾರದು ಎಂದು ಚಿಕ್ಕಂದಿನಲ್ಲೇ ನಿನಗೆ ಹೇಳಿಕೊಟ್ಟಿದ್ದೇನೆ. ಆ ಪಟ್ಟಿಯಲ್ಲಿ ಚೆಂಡು ಇರಲಿಲ್ಲ. ಕಡ್ಡಾಯವೆಂದರೆ ಮಾಡಲೇಬೇಕಲ್ಲ.

ಹೇಳಬೇಕಾದದ್ದು ಬೇರೆ ಏನಾದರೂ ಇದ್ದರೆ ಬರೆ.

ಯೋಗನರಸಿಂಹ

*

ಅರಸೀಕೆರೆ
೧೧-೯-೧೯೬೦

ಪೂಜ್ಯ ಅಪ್ಪನಿಗೆ,

ನಮಸ್ಕಾರ. ಬೇರೆ ಏನೂ ಇಲ್ಲ. ಪಾಠಗಳು ಚೆನ್ನಾಗಿ ನಡೆಯುತ್ತಿವೆ.

ನಮ್ಮ ವ್ಯಾಯಾಮದ ಜಾಗವನ್ನು ನೀವು ನೋಡಬೇಕು. ಕಾಲೇಜಿನ ಮೈದಾನ ಹುಡುಗರದು. ಅಲ್ಲಿ ಎರಡು ಕಂಬ, ಎರಡು ಬಳೆ, ಸುಣ್ಣದ ಗೆರೆ ಎಲ್ಲ ಉಂಟು. ಪಕ್ಕದಲ್ಲೇ ರೈಲು ಹಳಿ. ಗಾಡಿಯಲ್ಲಿ ಹೋಗುವವರೆಲ್ಲ ಹೆಣ್ಣುಮಕ್ಕಳು ಕುಣಿಯುವುದನ್ನು ನೋಡುತ್ತಾರೆಂದು ಕಾಲೇಜಿನ ಕಮಿಟಿಯವರು ನಮಗೆ ಮೈದಾನ ಕೊಡಲಿಲ್ಲ. ಇಂದುಧರ ಮೇಷ್ಟ್ರು ನಾಲ್ಕು ದಿನ ಅಲೆದು, ಪೇಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ವಿಶಾಲಮ್ಮನವರ ಮಂಡಿಯ ಅಂಗಳ ಕೇಳಿ ತಂದರು. ಆಕೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ, "ಬಿಸ್ಲಾಗೆ ಕುಣಿಯಾಕೆ ನನ್ ಮಂಡೀನೇ ಬೇಕಾಯ್ತಾ ನಿಮ್ಗೆ? ಆಯ್ತು, ಕುಣೀರಿ. ಚೆಂಡು ಬಂದು ನನ್ ಕೊಬ್ಬರಿ ಮ್ಯಾಲೆ ಬಿತ್ತೋ, ಚೆಂಡು ನಂದು" ಎಂದರು. ಇದುವರೆಗೆ ಎರಡು ಸಲ ಬಿದ್ದಿದೆ. ಎರಡು ಸಲವೂ ಬೈದು, ಚೆಂಡಿನ ಜೊತೆ ಒಂದೊಂದು ಹೋಳು ಕೊಬ್ಬರಿಯನ್ನೂ ಕೊಟ್ಟರು.

ಗೋದಾಮಿನ ಗೋಡೆಗೆ ಬಳೆ ಹೊಡೆದಿದ್ದೇವೆ. ಎದುರಿಗೆ ಕೊಬ್ಬರಿ ಗಾಡಿ ಬರುವ ಹೆಬ್ಬಾಗಿಲು. ಹನ್ನೊಂದು ಜನರಲ್ಲಿ ಐವರು ಉಳಿದಿದ್ದೇವೆ. ಜಾವಗಲ್ಲಿನ ಗುರುಸಿದ್ದಮ್ಮ ಎಲ್ಲರಿಗಿಂತ ಎತ್ತರ. ಅವಳ ಅಪ್ಪನಿಗೆ ತೆಂಗಿನ ತೋಟವಿದೆ. "ಕಾಯಿ ಕೀಳಾಕೆ ಎತ್ತಿ ಎತ್ತಿ ಕೈ ಉದ್ದ ಆಗೈತೆ ಕಣೇ" ಎನ್ನುತ್ತಾಳೆ. ನನ್ನ ಎಡಗೈಗೆ ಈಗ ಅಕ್ಷರಾಭ್ಯಾಸವಾಗಿದೆ.

ಮುಂದಿನ ತಿಂಗಳು ಮೇಷ್ಟ್ರು ನಮ್ಮನ್ನು ಒಂದು ದಿನ ಹಾಸನಕ್ಕೆ ಕರೆದುಕೊಂಡು ಹೋಗುವರು. ಊರು ನೋಡಿಬರುತ್ತೇವೆ.

ವೇದವಲ್ಲಿ

*

ಅರಸೀಕೆರೆ
೧೭-೧೦-೧೯೬೦

ಅಪ್ಪನಿಗೆ,

ಇಂದು ಎಲ್ಲವನ್ನೂ ಬರೆಯುತ್ತೇನೆ. ಓದಿ ಮುಗಿಯುವವರೆಗೆ ಅಮ್ಮನಿಗೆ ಹೇಳಬೇಡಿ.

ಈ ಆಟ ಕಡ್ಡಾಯವಲ್ಲ. ನಾನೇ ಹೆಸರು ಕೊಟ್ಟೆ. ತಂಡಕ್ಕೆ ನಾನೇ ನಾಯಕಿ. ಹಾಸನಕ್ಕೆ ಹೋದದ್ದು ಊರು ನೋಡಲಿಕ್ಕಲ್ಲ. ಶನಿವಾರ ಅಲ್ಲಿನ ಕಾಲೇಜಿನ ಹುಡುಗಿಯರ ಮೇಲೆ ಪಂದ್ಯವಿತ್ತು. ನಮ್ಮ ಹುಡುಗರ ತಂಡಕ್ಕೂ ಅಂದೇ ಪಂದ್ಯ. ಅವರು ಗೆದ್ದರು.

ನಾವು ಸೆರಗು ಬಿಗಿದು ಆಡಿದೆವು. ವಿರಾಮದ ಹೊತ್ತಿಗೆ ನಾವು ಒಂಬತ್ತು, ಅವರು ಎಂಟು. ಹಾಸನದವರು ಪಿಳಿಪಿಳಿ ನೋಡುತ್ತಿದ್ದರು. ವಿರಾಮವಾದ ಮೇಲೆ ಕಡೆ ಬದಲಾಗುತ್ತದೆ. ಇದು ನಮಗೆ ಗೊತ್ತಿತ್ತು. ಮೇಷ್ಟ್ರು ಹೇಳಿದ್ದರು, ಕಪ್ಪು ಹಲಗೆಯ ಮೇಲೆ ಬರೆದೂ ತೋರಿಸಿದ್ದರು. ಆದರೆ ಮೂರು ತಿಂಗಳು ಮಂಡಿಯಲ್ಲಿ ಒಂದೇ ಗೋಡೆ, ಒಂದೇ ಬಳೆ ನೋಡಿಕೊಂಡು ಆಡಿದ ಕಾಲುಗಳಿಗೆ ಗೊತ್ತಿರಲಿಲ್ಲ. ಚೆಂಡು ಸಿಕ್ಕ ಕೂಡಲೇ ಮೊದಲಿನ ಬಳೆಗೇ ಓಡಿ ಎಸೆದೆ. ಬಿತ್ತು. ಎಲ್ಲರೂ ನಕ್ಕರು. ನಮ್ಮ ಉಡುಗೆ ನೋಡಿ ನಗುತ್ತಿದ್ದಾರೆಂದುಕೊಂಡು, ಮಾಡಿ ತೋರಿಸುತ್ತೇನೆಂದು ಇನ್ನೊಂದು ಹಾಕಿದೆ. ಮೇಷ್ಟ್ರು ಕೂಗಿದ್ದು ಆ ಗದ್ದಲದಲ್ಲಿ ಶಭಾಶ್ ಎಂದಂತೆ ಕೇಳಿಸಿತು. ಆಮೇಲೆ ಗುರುಸಿದ್ದಮ್ಮ ಓಡಿಬಂದು ರಟ್ಟೆ ಹಿಡಿದು, "ಅದು ನಮ್ದಲ್ಲ ಕಣೇ, ಅವರ್ದು!" ಎಂದಳು. ನಾಚಿಕೆಯಿಂದ ಕಿವಿ ಮುಚ್ಚಿಹೋಯಿತು. ಮೂರನೆಯದನ್ನು ಗೊತ್ತಿದ್ದೂ ಹಾಕಿದೆ ಅಪ್ಪ. ತಲೆ ಬೇಡವೆಂದಿತು, ಕಾಲು ಹೋಗಿಬಿಟ್ಟಿತು. ಕೊನೆಗೆ ಅವರು ಇಪ್ಪತ್ತು, ನಾವು ಹದಿಮೂರು. ಆಟದ ನಡುವೆ ಬಿದ್ದ ಒಂದೊಂದಕ್ಕೂ ಎರಡು ಅಂಕ, ದಂಡದ ಎಸೆತಕ್ಕೆ ಒಂದು. ಅವರ ಇಪ್ಪತ್ತರಲ್ಲಿ ಆರು ನಾನು ಹಾಕಿಕೊಟ್ಟದ್ದು.

ಬಸ್ಸಿನಲ್ಲಿ ಹುಡುಗರ ನಾಯಕ ದೇವೀರಪ್ಪ ದಾರಿಯುದ್ದಕ್ಕೂ, "ಹಾಸನದೋರಿಗೆ ಅರಸೀಕೆರೆಯಿಂದ ಉಡುಗೊರೆ ಕಣ್ರೋ" ಎಂದು ಹೇಳಿ ನಗಿಸುತ್ತಿದ್ದ. ಪ್ರಿನ್ಸಿಪಾಲರು ಇಂದು ಕರೆಸಿದರು. ಹಾಸನದವರು ಜನವರಿ ಇಪ್ಪತ್ತೊಂದಕ್ಕೆ ಇಲ್ಲಿಗೆ ಆಡಲು ಬರುತ್ತಾರೆ. ಬಂದವರನ್ನು ಕೊಬ್ಬರಿ ಮಂಡಿಗೆ ಕರೆದೊಯ್ಯಲಾಗದು, ಹಾಗಾಗಿ ಅಂದು ಒಂದು ದಿನ ಮೈದಾನ ಕೊಡುತ್ತಾರೆ. ಅಂದೂ ಕಾಲೇಜಿನ ಮಾನ ಹೋದರೆ ಹುಡುಗಿಯರ ತಂಡ ಅಲ್ಲಿಗೆ ಮುಗಿಯಿತು ಎಂದರು. ನಾನು ಆಡುತ್ತೇನೆ ಸಾರ್ ಎಂದು ಹೇಳಿ ಬಂದಿದ್ದೇನೆ.

ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ. ಆಡಿದ್ದಕ್ಕೆ ಕ್ಷಮೆ ಕೇಳುವುದಿಲ್ಲ. ದಯವಿಟ್ಟು ಬೇಗ ಉತ್ತರ ಬರೆಯಿರಿ.

ವೇದವಲ್ಲಿ

*

ಬೇಲೂರು
೧೪-೧೧-೧೯೬೦

(ಕಾರ್ಡು)

ವೇದ,
ಧನುರ್ಮಾಸ ಶುರುವಾಗುವ ಮುಂಚೆ ಮನೆಗೆ ಬಾ. ಬಟ್ಟೆ, ಪುಸ್ತಕ ತಂದುಬಿಡು. ಮಿಕ್ಕದ್ದು ಬಂದ ಮೇಲೆ.
ಅಪ್ಪ

*

ಅರಸೀಕೆರೆ
೧೮-೧೧-೧೯೬೦

ಅಪ್ಪನಿಗೆ,

ನಾಲ್ಕು ವಾರ ದಿನವೂ ಅಂಚೆಯವನ ದಾರಿ ಕಾದೆ. ಬಂದದ್ದು ಒಂದು ಕಾರ್ಡು. ಅದರಲ್ಲಿ ಆಶೀರ್ವಾದವೂ ಇಲ್ಲ. ನಿಮ್ಮ ಅಕ್ಷರ ಮುತ್ತು ಪೋಣಿಸಿದಂತೆ ಎಂದು ಊರೆಲ್ಲ ಹೇಳುತ್ತದೆ. ಈ ಕಾರ್ಡಿನಲ್ಲಿ ಒಂದು ಅಕ್ಷರ ಆಕಾಶಕ್ಕೆ, ಒಂದು ಪಾತಾಳಕ್ಕೆ. ಎಷ್ಟು ಕೋಪದಲ್ಲಿ ಗೀಚಿರುವಿರಿ ಎಂದು ಕಮಲತ್ತೆಗೆ ತೋರಿಸಲೂ ಹೆದರಿದೆ.

ಪುಸ್ತಕ ತಂದುಬಿಡು ಎಂದರೆ ಓದು ಬಿಡು ಎಂದು. ಅಷ್ಟು ತಿಳಿಯುತ್ತದೆ ನನಗೆ.

ನಾನು ಬರುವುದಿಲ್ಲ ಅಪ್ಪ. ಇದುವರೆಗೆ ನಿಮಗೆ ಇಲ್ಲ ಎಂದು ಹೇಳಿದವಳಲ್ಲ. ನಾವು ಇರುವುದೇ ಐವರು. ಐದರಲ್ಲಿ ಒಂದು ಕಳೆದರೆ ನಾಲ್ಕು ಎಂದು ನೀವೇ ಬೆರಳು ಮಡಿಸಿ ಕಲಿಸಿದ್ದಿರಿ. ಇಲ್ಲಿ ಹಾಗಲ್ಲ. ಐವರಿಲ್ಲದೆ ಪಂದ್ಯ ಶುರುವಾಗುವುದೇ ಇಲ್ಲ, ಐದರಲ್ಲಿ ಒಂದು ಕಳೆದರೆ ಸೊನ್ನೆ. ನಾನು ಬಂದರೆ ಉಳಿದ ನಾಲ್ವರದೂ ಮುಗಿಯಿತು. ಅವರು ನಗೆಪಾಟಲಾದದ್ದು ನನ್ನ ತಪ್ಪಿನಿಂದ. ಅದನ್ನು ತೊಳೆಯದೆ ಬಂದು ಹಜಾರದಲ್ಲಿ ಹೂ ಕಟ್ಟುತ್ತ ಕೂರಲಾರೆ.

ಜನವರಿ ಇಪ್ಪತ್ತೊಂದು ಕಳೆಯಲಿ. ಆಮೇಲೆ ನೀವು ಹೇಳಿದಂತೆ ಕೇಳುತ್ತೇನೆ.

ವೇದವಲ್ಲಿ

*

ಬೇಲೂರು
೫-೧೨-೧೯೬೦

ಚಿ. ವೇದವಲ್ಲಿಗೆ ಆಶೀರ್ವಾದ. ಕಳೆದ ಸಲದ್ದೂ ಸೇರಿಸಿ ಎರಡು.

ಈ ಕಾಗದ ಬರೆಯಲು ನಾಲ್ಕು ದಿನ ಹಿಡಿದಿದೆ, ನಿಧಾನವಾಗಿ ಓದು. ಆ ಕಾರ್ಡಿನದು ಕೋಪದ ಅಕ್ಷರವಲ್ಲಮ್ಮ, ಎಡಗೈ ಅಕ್ಷರ. ದೀಪಾವಳಿಯ ಮರುವಾರ ಹೊಳೆಯ ಮೆಟ್ಟಿಲಿನಲ್ಲಿ ಪಾಚಿಗೆ ಕಾಲು ಜಾರಿ ಬಲ ಭುಜದ ಮೇಲೆ ಬಿದ್ದೆ. ಮೂಳೆ ಮುರಿಯಿತು. ಬಿಂದಿಗೆಗೆ ಮಾತ್ರ ಸ್ವಲ್ಪ ನಗ್ಗು. ಹಗರೆಯಲ್ಲಿ ಮೂಳೆ ಕಟ್ಟುವ ಸಿದ್ದಬಸಪ್ಪನ ಹತ್ತಿರ ವಾರಕ್ಕೊಮ್ಮೆ ಹೋಗಿ ಪಟ್ಟು ಹಾಕಿಸಿಕೊಂಡು ಬರುತ್ತೇನೆ. ನಿನಗೆ ತಿಳಿಸಬೇಡ, ಓದುವ ಹುಡುಗಿ ಎಂದು ಅಮ್ಮನಿಗೆ ಆಣೆ ಹಾಕಿದ್ದವನು ನಾನೇ.

ಧನುರ್ಮಾಸದಲ್ಲಿ ನಸುಕಿಗೇ ಎದ್ದು ನೀರು, ಮಡಿ, ಅಡಿಗೆ ಎಲ್ಲ ನಿನ್ನ ಅಮ್ಮನ ಮೇಲೆ ಬೀಳುತ್ತದೆಂದು ನಿನ್ನನ್ನು ಕರೆದೆ. ಬಂದವಳು ಒಂದು ತಿಂಗಳು ಇಲ್ಲೇ ಓದಿಕೊಳ್ಳಲಿ ಎಂದು ಪುಸ್ತಕ ತಾ ಎಂದೆ. ಅಷ್ಟನ್ನೂ ಬರೆಯಲು ಆ ದಿನ ಈ ಕೈಗೆ ಶಕ್ತಿ ಇರಲಿಲ್ಲ. ಹದಿನೈದು ಮಾತು ಬರೆಯುವುದರೊಳಗೆ ಕಾರ್ಡೂ ತುಂಬಿತು, ತಾಳ್ಮೆಯೂ ಮುಗಿಯಿತು.

ಆಟ ಕಡ್ಡಾಯವಲ್ಲವೆಂದು ನಿನ್ನ ಅತ್ತೆ ಜುಲೈಯಲ್ಲೇ ತಿಳಿಸಿದ್ದಳು. ನೀನಾಗಿ ಹೇಳುವೆಯೆಂದು ಕಾದೆ. ಸೋತ ಮೇಲೆ ಹೇಳಿದೆ, ಗೆದ್ದಿದ್ದರೆ ಹೇಳುತ್ತಿದ್ದೆಯೋ ಇಲ್ಲವೋ. ಅದು ನನಗೆ ಭುಜಕ್ಕಿಂತ ಹೆಚ್ಚು ನೋಯಿತು. ಈಗ ನಾನೂ ಮುಚ್ಚಿಟ್ಟವನಾದ್ದರಿಂದ ಬಯ್ಯುವ ಬಾಯಿ ಇಲ್ಲ.

ನಿನ್ನ ಮೂರು ತಪ್ಪಿನ ಬಗ್ಗೆ ಯೋಚಿಸಿದೆ. ಕೆಲಸವಿಲ್ಲದೆ ಕೂತವನಿಗೆ ಯೋಚನೆಗೆ ಬರವೇ? ನಿನಗೆ ಆರು ವರ್ಷವಿದ್ದಾಗ ನೀರಿಗೆ ನನ್ನ ಜೊತೆ ಬರುತ್ತಿದ್ದೆ. ಹೊಳೆಗೆ ಹೋಗುವಾಗ ನೀನೇ ಮುಂದೆ ಓಡುವವಳು. ಹಿಂದಿರುಗುವಾಗ ನನ್ನ ಪಂಚೆ ಹಿಡಿದು ಬರುತ್ತಿದ್ದೆ. ಒಂದು ದಿನ ಹಿಂದಿರುಗುವಾಗಲೂ ಮುಂದೆ ಓಡಿ, ಬೇರೆ ಬೀದಿ ಹಿಡಿದು, ಅಕ್ಕಸಾಲಿಗರ ಜಗುಲಿಯ ಮೇಲೆ ಅಳುತ್ತ ಕೂತಿದ್ದೆ. ದಿನವೂ ನಡೆದ ದಾರಿಯೇ. ಆದರೆ ಬರುವಾಗ ಗಿಡ, ಮನೆ, ಬಾವಿ ಎಲ್ಲ ಬೇರೆ ಕೈಯ ಕಡೆಗೆ ಇರುತ್ತವೆ. ಆಮೇಲೆ ನಾನು ನಿನಗೆ ಬುದ್ಧಿ ಹೇಳಲಿಲ್ಲ, ಎರಡೂ ಕಡೆ ನಡೆಸಿದೆ. ಒಂದು ವಾರಕ್ಕೆ ಸರಿಹೋಯಿತು.

ನಿನ್ನ ಮೇಷ್ಟ್ರನ್ನು ಕೇಳು, ಎದುರಿನ ಬಳೆ ಎಲ್ಲಿ?

ನೀನು ಬರುವುದು ಬೇಡ. ಸುಂದರರಾಜ ಗುಡಿಗೆ ನೀರು ತರುತ್ತಿದ್ದಾನೆ. ನನ್ನ ಸೋದರಳಿಯ, ಒಳ್ಳೆಯ ಹುಡುಗ, ಅರ್ಧ ನೀರು ಬೀದಿಗೆ ಚೆಲ್ಲುತ್ತಾನೆ. ನಾನು ಜಗುಲಿಯ ಮೇಲೆ ಕೂತು ನೋಡುತ್ತೇನೆ. ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು.

ಅಪ್ಪ

*

ಅರಸೀಕೆರೆ
೯-೧೨-೧೯೬೦

ಅಪ್ಪ,

ಕಾಗದ ಓದಿ ಕಮಲತ್ತೆ, ನಾನು ಇಬ್ಬರೂ ಅತ್ತೆವು. ನಿಮ್ಮ ನೋವನ್ನು ಕೋಪವೆಂದು ಓದಿದೆನಲ್ಲ! ಆ ಕಾರ್ಡನ್ನು ಈಗ ನೋಡಿದರೆ ಒಂದೊಂದು ಅಕ್ಷರಕ್ಕೂ ನೀವು ಪಟ್ಟ ಪಾಡು ಕಾಣುತ್ತದೆ.

ನಾನು ಬರುತ್ತೇನೆ. ಗುರುವಾರದ ಬೆಳಗಿನ ಬಸ್ಸಿಗೆ. ಮೇಷ್ಟ್ರಿಗೆ ಹೇಳಿದೆ. ಅವರು ಚೆಂಡನ್ನು ಕೈಯಲ್ಲಿ ತಿರುಗಿಸುತ್ತ, "ಹೋಗಮ್ಮ, ಅಪ್ಪ ಇದ್ದರೆ ಆಟ" ಎಂದರು. ಉಳಿದ ನಾಲ್ವರೂ ಬಿಗಿದ ಸೆರಗು ಸಡಿಲಿಸಿಕೊಂಡು ಮನೆಗೆ ಹೋದರು. ಜನವರಿ ಹೋದರೆ ಹೋಗಲಿ, ಅಮ್ಮ ಒಬ್ಬಳೇ ಕಷ್ಟಪಡುವಾಗ ನಾನು ಇಲ್ಲಿ ಚೆಂಡು ಹಿಡಿದು ನಿಲ್ಲಲಾರೆ.

ವೇದ

*

ಬೇಲೂರು
೧೩-೧೨-೧೯೬೦

(ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ ಚೀಟಿ, ಗೋಣಿಯ ಗಂಟಿಗೆ ಕಟ್ಟಿದ್ದು)

ವೇದ,

ಬರಬೇಡವೆಂದರೆ ಬರುತ್ತೇನೆ ಎನ್ನುತ್ತೀಯೆ, ಬಾ ಎಂದರೆ ಬರುವುದಿಲ್ಲ ಎನ್ನುತ್ತೀಯೆ. ಯಾರ ಮಗಳೋ ಎಂದು ನಿನ್ನ ಅಮ್ಮ ನನ್ನ ಕಡೆ ನೋಡುತ್ತಿದ್ದಾಳೆ.

ಗೋಣಿಯಲ್ಲಿ ಬಳೆ ಇದೆ. ಸಿದ್ದಬಸಪ್ಪನ ಮನೆಯ ಎದುರಿಗೇ ಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆಯುವ ಕಮ್ಮಾರನ ಕುಲುಮೆ. ನೀನು ಮೊದಲ ಕಾಗದದಲ್ಲಿ ಬರೆದ ಹದಿನೆಂಟು ಇಂಚು ಹೇಳಿ ಮಾಡಿಸಿದೆ. "ಇದ್ಯಾವ ಗಾಡಿಗೆ ಸ್ವಾಮೀ, ಇಷ್ಟು ಸಣ್ಣ ಚಕ್ರ?" ಎಂದು ಕೇಳಿದ. ನನ್ನ ಮಗಳ ಗಾಡಿಗೆ ಎಂದೆ.

ನಿನ್ನ ಅಮ್ಮನಿಗೆ ಸಹಾಯಕ್ಕೆ ಅವಳ ತಂಗಿ ನಿನ್ನೆಯೇ ಬಂದಳು. ಗುರುವಾರದ ಬಸ್ಸಿಗೆ ನೀನು ಬಂದರೆ ಈ ಬಳೆಯನ್ನೂ ಹೊತ್ತು ತರಬೇಕಾಗುತ್ತದೆ. ತೂಕ ಬಹಳ. ಅಲ್ಲೇ ಇರು.

ಅಪ್ಪ

*

ಅರಸೀಕೆರೆ
೨೩-೧-೧೯೬೧

ಅಪ್ಪ,

ನಿಮಗೆ, ಅಮ್ಮನಿಗೆ, ಚಿಕ್ಕಮ್ಮನಿಗೆ, ಹಗರೆಯ ಕಮ್ಮಾರನಿಗೆ ನಮಸ್ಕಾರ.

ಮೊದಲಿಂದ ಹೇಳುತ್ತೇನೆ. ಬಳೆ ಬಂದ ದಿನ ವಿಶಾಲಮ್ಮನವರ ಮುಂದೆ ಇಟ್ಟೆವು. ಎದುರಿಗೆ ನಿಲ್ಲಿಸಬೇಕೆಂದರೆ ಹೆಬ್ಬಾಗಿಲ ನಡುವೆ ಕಂಬ ಬರುತ್ತದೆ, ಕೊಬ್ಬರಿ ಗಾಡಿಗಳಿಗೆ ಅಡ್ಡ. ಆಕೆ ಬಳೆಯನ್ನು ತಿರುಗಿಸಿ ನೋಡಿ, "ಯಾರು ಕಳ್ಸಿದ್ದು?" ಎಂದರು. ಕೈ ಮುರಿದುಕೊಂಡು ಕೂತ ನಮ್ಮಪ್ಪ ಎಂದೆ. "ಅಂಗಾದ್ರೆ ಗಾಡಿ ಸುತ್ತಾಕ್ಕೊಂಡು ಹಿತ್ಲಿಂದ ಬರ್ಲಿ. ಎತ್ತಿಗೇನು, ನಡೆಯಾಕೆ ಕಾಲಿಲ್ವಾ?" ಎಂದು, ತಮ್ಮ ತೋಟದಿಂದಲೇ ಒಂದು ತೆಂಗಿನ ಮರದ ದಿಮ್ಮಿ ತರಿಸಿ ನೆಡಿಸಿದರು. ಅಂದಿನಿಂದ ಐದು ವಾರ ನಾವು ಆ ಕಡೆಗೆ ಹತ್ತು, ಈ ಕಡೆಗೆ ಹತ್ತು ಎಂದು ಓಡಿದೆವು. ದೇವೀರಪ್ಪ ಒಂದು ದಿನ ಬಾಗಿಲಲ್ಲಿ ನಿಂತು ನೋಡಿದ, ನಗಲಿಲ್ಲ. ಮರುದಿನ ತನ್ನ ತಂಡದ ನಾಲ್ವರನ್ನು ಕರೆತಂದು, "ಎದುರಿಗೆ ಆಡೋರು ಇಲ್ದೆ ಏನ್ ಕಲೀತೀರಿ? ನಮ್ ಮೇಲೆ ಆಡಿ" ಎಂದ. ಹದಿನಾರು ದಿನ ಆಡಿದೆವು, ಹದಿನಾರು ದಿನವೂ ಸೋತೆವು.

ಶನಿವಾರ ಮೈದಾನದ ಸುತ್ತ ಜನವೋ ಜನ. ಮೊದಲ ಅರ್ಧ ಸಮ ಸಮ. ಕಡೆ ಬದಲಾಯಿತು. ಚೆಂಡು ನನಗೇ ಸಿಕ್ಕಿತು. ಹಾಸನದ ಹುಡುಗಿಯೊಬ್ಬಳು ಬೇಕೆಂದೇ ಪಕ್ಕಕ್ಕೆ ಸರಿದು ಹಳೆಯ ಬಳೆಗೆ ದಾರಿ ಬಿಟ್ಟಳು. ಜನ ನಗಲು ಸಿದ್ಧವಾಗಿದ್ದರು. ನಾನು ತಿರುಗಿ, ಬಲಕ್ಕೆ ಅವರು ಅಡ್ಡ ಬಂದದ್ದರಿಂದ ಎಡಗೈಯಲ್ಲಿ ಪುಟಿಸಿಕೊಂಡು ಓಡಿದೆ. ಬಿತ್ತು ಅಪ್ಪ, ನಮ್ಮ ಬಳೆಯಲ್ಲೇ ಬಿತ್ತು. ವಿಶಾಲಮ್ಮನವರು ಹಾಕಿದ ಕೂಗಿಗೆ ಬೆಂಗಳೂರು ರೈಲಿನ ಕಿಟಕಿಗಳಲ್ಲಿದ್ದ ತಲೆಗಳೆಲ್ಲ ಹೊರಗೆ ಬಂದವು.

ಇನ್ನೂ ಆರು ನಿಮಿಷ ಇರುವಾಗ ಗುರುಸಿದ್ದಮ್ಮನ ಪಾದ ಉಳುಕಿತು. ಅವಳನ್ನು ಹೊರಗೆ ಕೂರಿಸಿದೆವು. ಬದಲಿಗೆ ಯಾರೂ ಇಲ್ಲ. ನಾನು ಮುಗಿಯಿತೆಂದುಕೊಂಡೆ. ಮೇಷ್ಟ್ರು ಓಡಿಬಂದು, "ಯಾರಮ್ಮ ನಿಮಗೆ ನಿಲ್ಲಿಸು ಅಂದೋರು? ಶುರು ಮಾಡೋಕೆ ಐವರು ಬೇಕು. ಆಡೋಕೆ ನಾಲ್ವರು ಸಾಕು, ಆಡಿ!" ಎಂದರು. ನಿಮಗೆ ನಾನು ತಪ್ಪು ಲೆಕ್ಕ ಬರೆದಿದ್ದೆ. ಐದರಲ್ಲಿ ಒಂದು ಕಳೆದರೆ ನಾಲ್ಕೇ. ಆರು ನಿಮಿಷ ನಾಲ್ವರೇ ಆಡಿದೆವು. ಎದೆ ಒಡೆದುಹೋಗುತ್ತದೆ ಎನ್ನಿಸಿತು.

ಅವರು ಹದಿನಾರು, ನಾವು ಹದಿನೈದು. ಸೋತೆವು. ಆ ಹದಿನಾರರಲ್ಲಿ ನಾವು ಹಾಕಿಕೊಟ್ಟದ್ದು ಒಂದೂ ಇರಲಿಲ್ಲ.

ಪ್ರಿನ್ಸಿಪಾಲರು ಪಂದ್ಯ ಮುಗಿದ ಕೂಡಲೇ ಎದ್ದು ಹೋದರು. ನಾವು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಇಂದು ಬೆಳಿಗ್ಗೆ ನೋಟೀಸ್ ಹಲಗೆಯಲ್ಲಿ ಅವರ ಸಹಿ ಹಾಕಿದ ಕಾಗದ: ಮಂಗಳವಾರ, ಗುರುವಾರ, ಶನಿವಾರ ಮೈದಾನ ಹುಡುಗಿಯರ ತಂಡಕ್ಕೆ. ಮಧ್ಯಾಹ್ನದೊಳಗೆ ಮೊದಲ ವರ್ಷದ ಮೂವರು ಹೆಸರು ಕೊಟ್ಟರು. ಈಗ ನಾವು ಎಂಟು. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ನಿಮ್ಮ ಭುಜ ಹೇಗಿದೆ? ಈ ಸಲ ಮುಚ್ಚಿಡಬೇಡಿ.

ವೇದ

*

ಬೇಲೂರು
೨-೨-೧೯೬೧

ಚಿ. ವೇದವಲ್ಲಿಗೆ ಆಶೀರ್ವಾದ. ನಿನ್ನ ಎಂಟು ಜನಕ್ಕೂ ಹಂಚು.

ಮುಚ್ಚಿಡುವುದಿಲ್ಲ. ಬಲಗೈ ಕಿವಿಯವರೆಗೆ ಏಳುತ್ತದೆ, ಅದರಿಂದ ಮೇಲೆ ಏಳುವುದಿಲ್ಲ. ಇನ್ನು ಏಳದು ಎಂದು ಸಿದ್ದಬಸಪ್ಪ ಹೇಳಿದ. ಆ ದಿನ ಹಗರೆಯಿಂದ ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ, ಅದನ್ನೂ ಬರೆದುಬಿಡುತ್ತೇನೆ.

ಮಾರನೆಯ ದಿನ ನಿನ್ನ ಕಾಗದ ಬಂತು. ಓದಿ ಹೇಳುವಾಗ ನಿನ್ನ ಅಮ್ಮ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು. ನಾಲ್ವರೇ ಆಡಿದ ಜಾಗವನ್ನು ಮೂರು ಸಲ ಓದಿಸಿದಳು.

ನಿನ್ನೆ ನಸುಕಿಗೆ ಎದ್ದು ಹೊಳೆಗೆ ಹೋದೆ. ಬಿಂದಿಗೆಯನ್ನು ಎಡ ಭುಜಕ್ಕೆ ಏರಿಸಿದೆ. ದಾರಿಯಲ್ಲಿ ಎಂಟು ಕಡೆ ನಿಂತೆ. ಸುಂದರರಾಜ ಹಿಂದೆಯೇ ಬರುತ್ತ, "ಕೊಡಿ ಮಾವ, ಕೊಡಿ ಮಾವ" ಎನ್ನುತ್ತಿದ್ದ, ಕೊಡಲಿಲ್ಲ. ಗುಡಿಯ ಬಾಗಿಲಲ್ಲಿ ಅರ್ಚಕರು ಎಡ ಭುಜ ನೋಡಿದರು, ನನ್ನ ಮುಖ ನೋಡಿದರು, ಕೊಪ್ಪರಿಗೆಯ ಮುಚ್ಚಳ ತೆಗೆದರು. ಹನ್ನೆರಡರಲ್ಲಿ ಒಂದು ಬಿಂದಿಗೆ. ಇವತ್ತು ಎರಡು.

ಮುಂದಿನ ಪಂದ್ಯದ ತಾರೀಖು ತಿಳಿಸು. ನಾನು, ನಿನ್ನ ಅಮ್ಮ ಇಬ್ಬರೂ ಬರುತ್ತೇವೆ. ಎರಡನೆಯ ಅರ್ಧದಲ್ಲಿ ನಿಮ್ಮ ಬಳೆ ಯಾವ ಕಡೆಯದು ಎಂದು ಮೊದಲೇ ಬರೆ. ನಾವು ಅಲ್ಲಿ ಕೂರುತ್ತೇವೆ.

ಅಪ್ಪ